ಬಿಸಿ ರೊಟ್ಟಿಯ ಪಾಳಿ

ಬೇವೂರಿನ ಗುರುಲಿಂಗವ್ವನ ಮನೆಯಲ್ಲಿ ಹಸಿವಿದೆ ಎಂದು ಯಾರಾದರೂ ಅಂದಿದ್ದರೆ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಎಪ್ಪತ್ತೆರಡರ ಬರದಲ್ಲಿ ಅಂಗಳದ ಹಗೇವಿನ ಬಾಯಿ ತೆಗೆಸಿ, ನೆಲದೊಳಗೆ ಹೂತಿಟ್ಟ ಜೋಳವನ್ನು ಓಣಿಗೆಲ್ಲ ಸೇರುಗಟ್ಟಲೆ ಅಳೆದು ಕೊಟ್ಟವಳು ಅವಳು. ಬಾಯಿ ಜೋರು, ಕೈ ದೊಡ್ಡದು. ಅಂಥವಳ ಸೊಸೆ ಉಪವಾಸವೆಂದರೆ ಯಾರು ನಂಬುತ್ತಾರೆ ಹೇಳಿ!

ಮೂರು ವರ್ಷ ಕಳೆದ ಮೇಲೆ ಒಂದು ದಿನ ಊರ ಸಾಲೆಗೆ ಬಾಗಲಕೋಟೆಯಿಂದ ಸಾಹೇಬರೊಬ್ಬರು ಬಂದರು. ಗೋಡೆಗೆ ಜಗತ್ತಿನ ನಕಾಶೆ ತೂಗುಹಾಕಿ, ಎಲ್ಲೆಲ್ಲಿ ಜನ ಹಸಿದು ಸಾಯುತ್ತಾರೆ, ಯಾಕೆ ಸಾಯುತ್ತಾರೆ ಎಂದು ಬೆತ್ತ ಆಡಿಸುತ್ತ ಹೇಳಿದರು. ಒಂದು ಕಡೆ ಯುದ್ಧ, ಒಂದು ಕಡೆ ಮಳೆಯಿಲ್ಲ, ಇನ್ನೊಂದು ಕಡೆ ಕೂಡಿಟ್ಟುಕೊಂಡವರ ದುರಾಸೆ. ಕಾಳು ಬೆಳೆದರಷ್ಟೇ ಸಾಲದು, ಅದು ಹಸಿದವರ ಹೊಟ್ಟೆ ಮುಟ್ಟಬೇಕು ಎಂದರು. ಗುರುಲಿಂಗವ್ವ ಮುಂದೆಯೇ ಕೂತು, ಯಾರೋ ತನ್ನನ್ನೇ ಹೊಗಳುತ್ತಿರುವ ಹಾಗೆ ತಲೆದೂಗಿದಳು. ಭಾಷಣ ಮುಗಿದದ್ದೇ ತಡ, ಸಾಲೆಯ ಕಟ್ಟೆಯ ಮೇಲೆ ಬಸುರಿಯರನ್ನು ನೋಡುತ್ತಿದ್ದ ಸರ್ಕಾರಿ ನರ್ಸಬಾಯಿ ಮಾಬುಬಿಯ ಮುಂದೆ ತನ್ನ ಸೊಸೆ ಸಂಗವ್ವನನ್ನು ಕೂರಿಸಿದಳು.

ಸಂಗವ್ವನಿಗೆ ಏಳು ತಿಂಗಳು. ಈ ಬಸಿರು ಉಳಿಯಲೇಬೇಕಿತ್ತು. ಹೋದ ವರ್ಷ ಅವಳ ಚೊಚ್ಚಲ ಕೂಸು ಗೇಣುದ್ದ ಹುಟ್ಟಿ, ಅಳಲೂ ತ್ರಾಣವಿಲ್ಲದೆ ಮೂರನೆಯ ದಿನ ಕಣ್ಣು ಮುಚ್ಚಿತ್ತು. ದೃಷ್ಟಿ ತಾಗಿತು ಎಂದು ಎಲ್ಲರೂ ಅಂದರು, ಗುರುಲಿಂಗವ್ವನೂ ಅಂದಳು.

ಮಾಬುಬಿ ಸಂಗವ್ವನ ಕಣ್ಣ ರೆಪ್ಪೆ ಬಿಡಿಸಿ ನೋಡಿದಳು, ತೋಳು ಹಿಡಿದು ನೋಡಿದಳು. ಊಟ ಹೇಗೆ ಎಂದು ಕೇಳಿದಳು. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಶುರುಮಾಡಿದಳು. ಮರ್ಯಾದಸ್ಥರ ಮನೆಯಲ್ಲಿ ಹೇಗೋ ಹಾಗೆ: ಮೊದಲು ಗಂಡಸರು, ಆಮೇಲೆ ಆಳುಗಳು, ಆಮೇಲೆ ತಾನು, ಕಡೆಗೆ ರೊಟ್ಟಿ ಬಡಿದವಳು. ಅದರಲ್ಲೂ ಐದು ತಿಂಗಳು ತುಂಬಿದಾಗಿನಿಂದ ಸೊಸೆಯ ಊಟವನ್ನು ಅರ್ಧಕ್ಕೆ ಇಳಿಸಿದ್ದಾಳೆ. ಹೋದ ಬಸಿರಿನಲ್ಲೂ ಹೀಗೇ ಮಾಡಿದ್ದಳು, ಆ ಕೂಸಿಗೆ ದೃಷ್ಟಿ ತಾಗಿತು ಅಷ್ಟೇ. ಕೂಸು ಸಣ್ಣದಿದ್ದರೆ ಹೆರಿಗೆ ಹಗುರ. ತನ್ನ ಅಕ್ಕ ರಾಮವ್ವ ದೊಡ್ಡ ಕೂಸು ಹೆರಲಾರದೆ ತನ್ನ ಕಣ್ಣೆದುರಿಗೇ ಸತ್ತಳು. ಸೊಸೆಗೆ ಹಾಗಾಗಬಾರದಲ್ಲ!

ಮಾಬುಬಿ ದನಿ ಏರಿಸಲಿಲ್ಲ. “ಯವ್ವಾ, ನಿಮ್ಮ ಹಗೇವು ತುಂಬೇತಿ, ಖರೆ. ಆದ್ರ ಕಾಳು ಹಗೇವಿನಿಂದ ಈಕಿ ಹೊಟ್ಟಿಗೆ ಬರೂದ್ರಾಗ ದಾರಿ ತಪ್ಪತೈತಿ. ಹೋದ ಕೂಸಿಗೆ ದೃಷ್ಟಿ ತಾಗಿದ್ದಲ್ರಿ. ಹೊಟ್ಟ್ಯಾಗ ಇದ್ದಾಗನ ಅದು ಹಸದಿತ್ತು.”

ಬೇನೆ ಹತ್ತಿದ ಕೂಡಲೇ ಹೇಳಿ ಕಳಿಸಿ, ಹೆರಿಗೆಯ ಚಿಂತೆ ನನಗಿರಲಿ ಎಂದೂ ಸೇರಿಸಿದಳು. ಅದನ್ನು ಕೇಳಲು ಗುರುಲಿಂಗವ್ವ ಅಲ್ಲಿ ನಿಂತಿದ್ದರೆ ತಾನೆ! ದಾರಿಯುದ್ದಕ್ಕೂ ನರ್ಸಬಾಯಿಯ ಏಳು ತಲೆಮಾರು ಜಾಲಾಡಿದಳು. ಸೊಸೆ ಹಿಂದಿನಿಂದ ಏದುಸಿರು ಬಿಡುತ್ತ ಬಂದಳು.

ಮಧ್ಯಾಹ್ನ ಊಟದ ಹೊತ್ತು. ಗುರುಲಿಂಗವ್ವನ ಗಂಡ ರಾಚಪ್ಪ ಉಂಡ, ಮಗ ಹೊಳಬಸಪ್ಪ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ, ಆಳುಗಳು ಉಂಡರು. ಬುಟ್ಟಿಯಲ್ಲಿ ಉಳಿದದ್ದು ಒಂದೂವರೆ ರೊಟ್ಟಿ. ಗುರುಲಿಂಗವ್ವನ ಕೈ ರೂಢಿಯಂತೆ ಇಡೀ ರೊಟ್ಟಿಯನ್ನು ತನ್ನ ಗಂಗಾಳಕ್ಕೆ ಎಳೆದುಕೊಂಡಿತು. ಅರ್ಧ ರೊಟ್ಟಿ ಬುಟ್ಟಿಯಲ್ಲೇ ಕೂತಿತು. ಒಲೆಯ ಮುಂದೆ ಬೆವರುತ್ತಿದ್ದ ಸಂಗವ್ವ ಅದರತ್ತ ಒಮ್ಮೆ ನೋಡಿ ಮುಖ ತಿರುಗಿಸಿದಳು.

ಕಾಳು ದಾರಿ ತಪ್ಪುತ್ತದೆ ಎಂದ ಮಾಬುಬಿಯ ಮಾತು ನೆನಪಾಗಿ ಗುರುಲಿಂಗವ್ವ ಮುರಿದ ತುತ್ತನ್ನು ಗಂಗಾಳಕ್ಕೇ ಹಾಕಿದಳು. ಶಿವನೇ, ಓಣಿಗೆಲ್ಲ ಕಾಳು ಅಳೆದ ಈ ಕೈಯಲ್ಲೇ ಮೊಮ್ಮಗುವಿನ ಅನ್ನ ಕಸಿದೆನೇ? ಗುರುಲಿಂಗವ್ವ ಸೆರಗು ಬಾಯಿಗೊತ್ತಿಕೊಂಡು ಗೊಳೋ ಎಂದು ಅತ್ತಳು. ತನ್ನ ರೊಟ್ಟಿಯನ್ನೂ ಅರ್ಧ ರೊಟ್ಟಿಯನ್ನೂ ಸೊಸೆಯ ಮುಂದಿಟ್ಟಳು.

ಮರುದಿನ ತಾನೇ ಒಲೆಯ ಮುಂದೆ ಕೂತಳು. ಮೊದಲ ರೊಟ್ಟಿ, ಮೇಲೊಂದು ಮುದ್ದೆ ಬೆಣ್ಣೆ, ಸಂಗವ್ವನಿಗೆ. ಮಾವನಿಗಿಂತ ಮೊದಲು ಉಣ್ಣುವುದೆಂದರೆ ಆ ಹುಡುಗಿಗೆ ನಾಚಿಕೆಯಿಂದ ಜೀವ ಹೋಗಿ ಜೀವ ಬಂತು. ಅಷ್ಟರಲ್ಲಿ ರಾಚಪ್ಪ ಕೈಕಾಲು ತೊಳೆದು ಬಂದು ನಿಂತ.

“ಇವತ್ತಿನಿಂದ ಪಾಳಿ ತಿರುಗೇತಿ,” ಎಂದಳು ಗುರುಲಿಂಗವ್ವ. “ಆಕಿ ಉಂಡಮ್ಯಾಗ ನಿಮಗ.”

ರಾಚಪ್ಪ ಬಂದ ಕಾಲಲ್ಲೇ ಹೊರಗೆ ಹೋದ. ಓಣಿಯಲ್ಲಿ ಸುದ್ದಿಗೆ ಕಾಲು ಬೇಕೇ? ಸೊಸೆ ಉಂಡೆದ್ದಳೋ ಇಲ್ಲವೋ ಎಂದು ಕಟ್ಟೆಯ ಮೇಲಿನ ಗೆಳೆಯರು ಎರಡು ದಿನ ಅವನನ್ನು ಕಾಡಿದರು. ಎರಡು ದಿನವೂ ಆತ ಮುಖ ಊದಿಸಿಕೊಂಡೇ ಉಂಡ. ಮೂರನೆಯ ದಿನ ಕೊಟ್ಟಿಗೆಯಿಂದ ನೇರ ಅಡುಗೆಮನೆಗೆ ಬಂದು ಹೊಸ್ತಿಲ ಹೊರಗೇ ಕೂತ.

“ಎಮ್ಮಿ ಗಬ್ಬ ಇದ್ದಾಗ ಹಿಂಡಿ ಮೊದಲ ಅದಕ್ಕ ಇಡ್ತೇನಿ,” ಎಂದ. “ಇಷ್ಟು ನನಗ ತಿಳೀಲಿಲ್ಲ ನೋಡು. ಉಣ್ಣಲಿ ಬಿಡು, ನಾ ಕುಂತಿರ್ತೇನಿ.”

ಬೇನೆ ಹತ್ತಿದ ದಿನ ಗುರುಲಿಂಗವ್ವ ಅಂಗಳದಲ್ಲಿ ಕೂರಲಿಲ್ಲ, ನಿಲ್ಲಲಿಲ್ಲ. ಎರಡು ತಿಂಗಳು ತಿನ್ನಿಸಿದ ಬೆಣ್ಣೆಯೆಲ್ಲ ಈಗ ಅವಳ ಎದೆಯ ಮೇಲೆ ಕೂತಿತ್ತು. ಅಕ್ಕನ ನರಳಾಟವೇ ಕಿವಿಯಲ್ಲಿ. ಒಳಗೆ ತಾನೇ ಹೇಳಿ ಕಳಿಸಿ ಕರೆಸಿದ ಮಾಬುಬಿ, ಹೊರಗೆ ಇವಳ ಹರಕೆ. ಸಂಜೆಗೆ ಕೂಸಿನ ಅಳು ಕೇಳಿತು, ಓಣಿಯ ಆಚೆ ತುದಿಗೂ ಕೇಳಿತು. ಹೆಣ್ಣು, ಕೈಗೆತ್ತಿಕೊಂಡರೆ ಭಾರ ಹತ್ತುವಂಥದ್ದು. ಗುರುಲಿಂಗವ್ವ ಮಾಬುಬಿಯ ಎರಡೂ ಕೈ ಹಿಡಿದುಕೊಂಡಳು. ಕ್ಷಮೆ ಕೇಳುವುದು ಅವಳಿಗೆ ಗೊತ್ತಿರಲಿಲ್ಲ, ಊಟ ಮಾಡದೆ ಹೋಗಕೂಡದೆಂದು ಗದರಿದಳು.

ಬಾಣಂತನ ಮುಗಿದು ಸಂಗವ್ವ ಮತ್ತೆ ಒಲೆಯ ಮುಂದೆ ಕೂತ ದಿನ, ಮೊದಲ ರೊಟ್ಟಿ ಉಬ್ಬಿ ಬಂದದ್ದೇ ಅದನ್ನು ಗಂಗಾಳಕ್ಕೆ ಹಾಕಿ ಅತ್ತೆಯ ಮುಂದೆ ಸರಿಸಿದಳು. “ಅತ್ತಿ, ಕೂಸಿಗೆ ಹಾಲು ಕುಡಿಸಿ ನಾ ಆಮ್ಯಾಗ ಉಣ್ತೇನಿ. ಇವತ್ತ ಮೊದಲ ನೀವು ಉಣ್ಣರಿ.”

ಗುರುಲಿಂಗವ್ವ ಗಂಗಾಳವನ್ನು ಹತ್ತಿರ ಎಳೆದುಕೊಂಡಳು. ರೊಟ್ಟಿ ಮುರಿದಳು, ಆವಿ ಬೆರಳು ಸುಟ್ಟಿತು. ಮೂವತ್ತೆರಡು ವರ್ಷ ಈ ಒಲೆಯ ಮುಂದೆ ಕೂತವಳಿಗೆ, ಹಂಚಿನಿಂದ ಆಗಷ್ಟೇ ಇಳಿದ ರೊಟ್ಟಿ ಇಷ್ಟು ಮೆತ್ತಗಿರುತ್ತದೆಂದು ಆ ದಿನ ಗೊತ್ತಾಯಿತು.