ಎಂಬತ್ತೇಳನೇ ಸುರುಳಿ

ಡೂಗಲ್ ರೀಡ್ ಸತ್ತು ಎಂಟು ತಿಂಗಳಾದ ಮೇಲೆ ಅವನ ಮಗಳು ಬ್ರಯೊನಿ ನನಗೆ ಫೋನು ಮಾಡಿದಳು. "ಉನಾ ಆಂಟಿ, ಅಪ್ಪನ ಟೇಪುಗಳದ್ದೊಂದು ಪಟ್ಟಿ ಮಾಡಿಕೊಡ್ತೀರಾ? ಆ ಕಾಲದವರು ಅಂತ ಉಳಿದಿರೋದು ನೀವೊಬ್ಬರೇ" ಎಂದಳು. ಇನ್ನೊಬ್ಬಳು ಉಳಿದಿದ್ದಳು. ಅವಳ ಹೆಸರನ್ನು ನಾನು ಎತ್ತಲಿಲ್ಲ. ಸರಿ, ಬರ್ತೀನಿ ಅಂದೆ.

ಪೋರ್ಟ್ ಚಾಮರ್ಸ್‌ನಲ್ಲಿ ಬಂದರಿನ ನೆತ್ತಿಯ ಮೇಲೆ ಡೂಗಲನ ಮನೆ. ಟೇಪುಗಳನ್ನೆಲ್ಲ ಮಹಾನುಭಾವ ಬಟ್ಟೆ ಒಗೆಯುವ ಕೋಣೆಯಲ್ಲಿ ಪೇರಿಸಿಟ್ಟಿದ್ದ. ನೂರ ನಲವತ್ಮೂರು ಸುರುಳಿ. ಹೊರಗೆ ಬಾರದ ಹಾಡುಗಳು, ಅರ್ಧಕ್ಕೆ ಬಿಟ್ಟ ಹಾಡುಗಳು, ಒಂದೇ ಹಾಡನ್ನು ಹದಿನಾಲ್ಕು ಸಲ ಹಾಡಿ ಹದಿನಾಲ್ಕು ಸಲವೂ ಕೆಡಿಸಿದ್ದು. ಆಕ್ಲೆಂಡಿನ ಒಂದು ಕಂಪನಿ ಅವುಗಳಲ್ಲಿ ಒಳ್ಳೆಯವನ್ನು ಆರಿಸಿ ಹೊರತರುವುದಾಗಿ ಹೇಳಿತ್ತು. ತಿಂಗಳ ಕೊನೆಯ ಶುಕ್ರವಾರದೊಳಗೆ ಪಟ್ಟಿ ಬೇಕಿತ್ತು. ಯಾವ ಸುರುಳಿಯಲ್ಲಿ ಏನಿದೆ, ಯಾರು ಹಾಡಿದ್ದಾರೆ, ಯಾರು ಬರೆದದ್ದು, ಎಲ್ಲವೂ ಅದರಲ್ಲಿರಬೇಕು.

ನಾನು ಇಪ್ಪತ್ತೆರಡರ ವಯಸ್ಸಿನಲ್ಲಿ ಆ ಊರಿನ ಹಳೇ ಉಣ್ಣೆ ಗೋದಾಮಿನ ಸ್ಟುಡಿಯೋದಲ್ಲಿ ಟೇಪಿನ ಯಂತ್ರ ನೋಡಿಕೊಳ್ಳುತ್ತಿದ್ದವಳು. ಡೂಗಲ್ ಗಿಟಾರು ಹಿಡಿದು ದೇವರಂತೆ ನಿಲ್ಲುತ್ತಿದ್ದ. ನಾನು ಗುಂಡಿ ಒತ್ತುತ್ತಿದ್ದೆ. ಅಷ್ಟೇ ನನ್ನ ಕಲಾಸೇವೆ.

ಆ ಕಾಲದ ಟೇಪು ವಯಸ್ಸಾದಂತೆ ಅಂಟುತ್ತದೆ. ಹಾಗೇ ಓಡಿಸಿದರೆ ಕಿರುಚಿಕೊಂಡು, ಮೇಲಿನ ಲೇಪವೆಲ್ಲ ಉದುರಿ ಹಾಳಾಗುತ್ತದೆ. ಸಣ್ಣ ಶಾಖದಲ್ಲಿ ಎಂಟು ಗಂಟೆ ಒಣಗಿಸಿದರೆ ಕೆಲವು ವಾರದ ಮಟ್ಟಿಗೆ ಮತ್ತೆ ಹಾಡುತ್ತದೆ. ಬ್ರಯೊನಿಯ ಅಡುಗೆಮನೆಯಲ್ಲಿ ಏಪ್ರಿಕಾಟ್ ಒಣಗಿಸುವ ಪೆಟ್ಟಿಗೆಯಿತ್ತು. ಅದರಲ್ಲೇ ನಾಲ್ಕು ನಾಲ್ಕಾಗಿ ಇಟ್ಟು ತೆಗೆದೆವು. ಡೂಗಲನ ಪ್ರೇಮಗೀತೆಗಳಿಗೆಲ್ಲ ಏಪ್ರಿಕಾಟಿನ ವಾಸನೆ ಹತ್ತಿತು. ಅವನು ಇದ್ದಾಗ ಇಷ್ಟು ಸಿಹಿಯಾಗಿರಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಕ್ರಮವಿದೆ. ಟೇಪು ಓಡಿ ಮುಗಿದ ಮೇಲೆ ಅದನ್ನು ಹಿಂದಕ್ಕೆ ಸುತ್ತಬಾರದು, ಕೊನೆ ಹೊರಗಿರುವಂತೆಯೇ ಡಬ್ಬಿಗೆ ಹಾಕಬೇಕು. ಹಾಗಿಟ್ಟರೆ ಸುತ್ತು ಸಮನಾಗಿದ್ದು ಟೇಪು ಚೆನ್ನಾಗಿರುತ್ತದೆ. ಮುಂದಿನ ಸಲ ಹಾಕುವಾಗ ಮೊದಲು ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಕೇಳಬೇಕು. ಸುತ್ತುವುದನ್ನು ಮರೆತರೆ ಹಾಡು ಕೊನೆಯಿಂದ ಮೊದಲಿಗೆ ಓಡಿ, ದೆವ್ವ ಗೊಣಗಿದಂತೆ ಕೇಳುತ್ತದೆ. ಇದು ಮೊದಲ ದಿನದ ಪಾಠ. ನನ್ನ ಜೀವಮಾನದಲ್ಲಿ ನಾನಿದನ್ನು ಎರಡೇ ಸಲ ಮರೆತದ್ದು.

ಎರಡನೆಯ ಸಲ ಮರೆತದ್ದು ಆ ಬುಧವಾರ. ಮಧ್ಯಾಹ್ನ ಬ್ರಯೊನಿ ಬಿಸಿ ಚೀಸ್ ರೋಲು ತಂದಿಟ್ಟು, ಅಪ್ಪನ ಶವಸಂಸ್ಕಾರಕ್ಕೆ ಎಷ್ಟು ಜನ ಬಂದಿದ್ದರು ಎಂದು ಮೂರನೇ ಸಲ ಹೇಳುತ್ತಿದ್ದಳು. ನಾನು ಹೂಂಗುಟ್ಟುತ್ತ, ಬೆಣ್ಣೆಗೈ ಒರೆಸಿಕೊಂಡು, ಎಂಬತ್ತೇಳನೇ ಸುರುಳಿಯನ್ನು ಯಂತ್ರಕ್ಕೆ ಹಾಕಿದೆ. ಡಬ್ಬಿಯ ಮೇಲೆ ನನ್ನದೇ ಅಕ್ಷರ: ಏಪ್ರಿಲ್ ೧೯೭೮, ಡೂಗಲ್. ಅದರ ಕೆಳಗೆ ಡೂಗಲನ ಕೈಯಲ್ಲಿ: ಕೊನೆಯ ನಾಲ್ಕು ನಿಮಿಷ ಗದ್ದಲ, ಬೇಡ. ಹಿಂದಕ್ಕೆ ಸುತ್ತದೆ ಹಾಗೇ ಗುಂಡಿ ಒತ್ತಿಬಿಟ್ಟೆ.

ಗೊಣಗಾಟ ಬರಬೇಕಿತ್ತು. ಬಂದದ್ದು ಒಬ್ಬ ಹುಡುಗಿಯ ತೆಳ್ಳನೆ ದನಿ. "ರಿಪೆಕಾ, ಒಂದನೇ ಸಲ."

ಅದು ನನ್ನ ದನಿ. ಪ್ರತಿ ಹಾಡಿಗೂ ಮೊದಲು ಹಾಡುವವರ ಹೆಸರು ಕೂಗುತ್ತಿದ್ದ ಇಪ್ಪತ್ತೆರಡರ ನಾನು.

ಆಮೇಲೆ ರಿಪೆಕಾ ಹಾಡಿದಳು, ಫೋನಿನಲ್ಲಿ ನಾನು ಹೆಸರೆತ್ತದ ಆ ಇನ್ನೊಬ್ಬಳು. ಹಕ್ಕಿ ದ್ವೀಪಕ್ಕೆ ಹೋದವರಿಗಾಗಿ ದಡದಲ್ಲಿ ಕಾಯುವ ಹಾಡು. ಈ ದೇಶದಲ್ಲಿ ಅದನ್ನು ಅರಿಯದವರಿಲ್ಲ. ಶಾಲೆಯಲ್ಲಿ ಹಾಡಿಸುತ್ತಾರೆ, ಮಣ್ಣು ಮಾಡುವಾಗ ಹಾಡುತ್ತಾರೆ. ಗ್ರಾಮಫೋನ್ ತಟ್ಟೆಯ ಮೇಲೆ, ಪುಸ್ತಕದ ಮೇಲೆ, ಡೂಗಲನ ಗೋರಿಯ ಕಲ್ಲಿನ ಮೇಲೆ, ಎಲ್ಲ ಕಡೆ ಅದು ಡೂಗಲ್ ರೀಡ್ ಕಟ್ಟಿದ ಹಾಡು.

ಮೊದಲ ಚರಣ ಮುಗಿಯುವಷ್ಟರಲ್ಲಿ ಒಂದು ಮುದಿ ದನಿ ಅಡ್ಡ ಬಂತು. "ದೋಣಿ ಬರ್ತಿದೆ ಅನ್ಬೇಡ ಮಗಾ. ಕಾಣ್ತಿದೆ ಅನ್ನು. ದಡ ಮುಟ್ಟೋ ತನಕ ಬಂತು ಅನ್ನೋ ಹಾಗಿಲ್ಲ." ಅಲ್ಲೇ ಹತ್ತಿರದಲ್ಲಿ ಡೂಗಲ್ ನಕ್ಕು, "ಚೆನ್ನಾಗಿದೆಯಲ್ಲ, ಇದನ್ನ ನೀನೇ ಕಟ್ಟಿದ್ದಾ?" ಎಂದ. "ಮತ್ತೆ ನಿಮ್ಮಪ್ಪ ಕಟ್ಟಿದ್ನಾ?" ಎಂದಳು ರಿಪೆಕಾ. ಮತ್ತೆ ಹಾಡಿದಳು, ಈ ಸಲ 'ದೋಣಿ ಕಾಣುತ್ತಿದೆ' ಎಂದು. ಆ ಸಾಲು ಹೇಗೆ ಹೊಳೆಯಿತು ಎಂದು ಡೂಗಲನನ್ನು ಸಂದರ್ಶನಗಳಲ್ಲಿ ಕೇಳಿದಾಗಲೆಲ್ಲ, ಮಂಜಿನಲ್ಲಿ ಬಂದರಿನ ಕಟ್ಟೆಯ ಮೇಲೆ ನಿಂತಿದ್ದಾಗ ತಾನಾಗಿ ಬಂತು ಎನ್ನುತ್ತಿದ್ದ.

ಎರಡನೇ ಚರಣ ಹಾಡಿದ ಮೇಲೆ ಮುದುಕಿ ಕೆಮ್ಮಿ, "ಇಲ್ಲೂ ಒಂದು ತಪ್ಪಿದೆ, ಕೇಳು" ಎಂದಳು. ಅಲ್ಲಿಂದ ಮುಂದೆ ಬರೀ ದೆವ್ವದ ಗೊಣಗಾಟ.

ಬ್ರಯೊನಿಯ ಕೈಯಲ್ಲಿ ಚೀಸ್ ರೋಲು ಹಾಗೇ ಇತ್ತು. "ಯಾರಿದು?" ಎಂದಳು.

ಹೇಳಿದೆ. ಆ ಮಾರ್ಚಿನಲ್ಲಿ ರಿಪೆಕಾ ಈ ಹಾಡು ಹಾಡಿದ್ದು, ಏಪ್ರಿಲಿನಲ್ಲಿ ಅವಳ ಮನೆಯವರು ಪ್ರತಿವರ್ಷದಂತೆ ತೀತೀ ಎಂಬ ಕಡಲಹಕ್ಕಿ ಹಿಡಿಯಲು ದಕ್ಷಿಣದ ದ್ವೀಪಕ್ಕೆ ಹೋದದ್ದು, ಎರಡು ತಿಂಗಳು ಅವರಿಗೆ ಫೋನಿಲ್ಲ, ಕಾಗದವಿಲ್ಲ. ಅವಳು ಹೋದ ವಾರವೇ ಡೂಗಲ್ ಸ್ಟುಡಿಯೋಕ್ಕೆ ಬಂದು, "ಹೊಸ ಟೇಪು ಖಾಲಿನಾ? ರಿಪೆಕಾದು ಇದೆಯಲ್ಲ, ಅದ್ರ ಮೇಲೇ ಹಿಡಿ" ಎಂದ. ಹೊಸ ಟೇಪು ಖಾಲಿಯಾಗಿರಲಿಲ್ಲ. ಕಪಾಟಿನಲ್ಲಿ ಮೂರಿದ್ದವು. ಅವನಿಗೂ ಕಾಣುತ್ತಿತ್ತು, ನನಗೂ ಕಾಣುತ್ತಿತ್ತು. ನಾನು ಅವನನ್ನು ಪ್ರೀತಿಸುತ್ತಿದ್ದೆ. ಅದನ್ನು ಬ್ರಯೊನಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ರಿಪೆಕಾಳ ಟೇಪನ್ನೇ ಯಂತ್ರಕ್ಕೆ ಹಾಕಿದೆ. ಹಿಂದಕ್ಕೆ ಸುತ್ತುವುದನ್ನು ಮರೆತೆ. ಅದು ಮೊದಲನೆಯ ಸಲ.

ಹಾಗಾಗಿ ಡೂಗಲನ ಹಾಡುಗಳು ರಿಪೆಕಾಳ ಹಾಡಿನ ಮೇಲೆ ಎದುರು ದಿಕ್ಕಿನಿಂದ ಹತ್ತಿಕೊಂಡು ಬಂದವು. ಇಪ್ಪತ್ತಾರು ನಿಮಿಷಕ್ಕೆ ಅವನದು ಮುಗಿಯಿತು. ಮೂವತ್ತು ನಿಮಿಷದ ಟೇಪಿನಲ್ಲಿ ನಾಲ್ಕು ನಿಮಿಷ, ಅವಳು ಹಾಡಲು ಶುರುಮಾಡಿದ ಆ ನಾಲ್ಕು ನಿಮಿಷ, ಬದುಕಿಕೊಂಡಿತು. ಸರಿಯಾಗಿ ಹಾಕಿದವರಿಗೆ ಅದು ಗದ್ದಲ. ನನ್ನ ಹಾಗೆ ತಪ್ಪಾಗಿ ಹಾಕಿದವರಿಗೆ ಮಾತ್ರ ಹಾಡು.

"ಜೂನಿನಲ್ಲಿ ಅವಳು ವಾಪಸ್ಸು ಬಂದಳು" ಎಂದೆ. "ನನ್ನ ಟೇಪು ಕೊಡು ಅಂತ ಕೇಳಿದ್ಲು. ಅವತ್ತು ಮೆಷಿನ್ ಓಡ್ತಾನೇ ಇರ್ಲಿಲ್ಲ ಅಂದೆ. ಅವಳು ತಿರುಗಿ ಹೋದ್ಲು. ಅವತ್ತಿಂದ ಮಾತಿಲ್ಲ."

ಬ್ರಯೊನಿ ರೋಲನ್ನು ತಟ್ಟೆಗೆ ಹಾಕಿದಳು. ಆಮೇಲೆ, "ಆ ಹಾಡು ಹಾಡಿಕೊಂಡೇ ಅಪ್ಪನ್ನ ಹೂತಿದ್ದು ನಾವು" ಎಂದಳು. "ಅಪರಿಚಿತ ಹೆಣ್ಣು ದನಿ ಅಂತ ಬರೀರಿ ಆಂಟಿ. ಸುಳ್ಳೇನಲ್ಲವಲ್ಲ. ಕಂಪನಿಯವರಿಗೆ ಗೊತ್ತಾಗಲ್ಲ."

"ಅಪರಿಚಿತ ಯಾರೇ? ನಾನೇ ಅವಳ ಹೆಸರು ಕೂಗಿದ್ದೀನಲ್ಲ ಟೇಪಲ್ಲಿ!"

"ಹಾಗಾದ್ರೆ ನಲವತ್ತಾರು ವರ್ಷ ನಿಮ್ಮ ಬಾಯಿಗೇನಾಗಿತ್ತು? ಅಪ್ಪ ಬದುಕಿದ್ದಾಗ ಬಂದು ಹೇಳೋಕೆ ಧೈರ್ಯ ಇರ್ಲಿಲ್ಲ. ಈಗ ಸತ್ತವರ ಮೇಲೆ ಹೊರಿಸ್ತೀರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಸಿಟ್ಟು ಮಾಡಿಕೊಂಡೆ. ಸಿಟ್ಟಿನಲ್ಲಿ ಒಂದು ಅನುಕೂಲವಿದೆ, ನಾವೇ ಸರಿ ಅನ್ನಿಸುತ್ತದೆ. ಅವಳ ಎದುರಿಗೇ ಪಟ್ಟಿಯಲ್ಲಿ ಬರೆದೆ: ೮೭, ಕೊನೆಯ ನಾಲ್ಕು ನಿಮಿಷ, ಕಟ್ಟಿದವಳು ಮತ್ತು ಹಾಡಿದವಳು ರಿಪೆಕಾ. ಬ್ರಯೊನಿ ಅತ್ತಳು. ಮುಖ ತೊಳೆದುಕೊಂಡು ಬಂದು, "ಮೊದಲು ಅವರಿಗೆ ಕೇಳಿಸಿ" ಎಂದಳು. "ಅವರು ಏನಂತಾರೋ ಹಾಗೆ ಕಳಿಸೋಣ. ನಾನು ಅಡ್ಡ ಬರಲ್ಲ." ಡೂಗಲನಿಗಿಂತ ಅವನ ಮಗಳು ಒಳ್ಳೆಯವಳು. ಇದನ್ನೂ ಪಟ್ಟಿಯಲ್ಲಿ ಬರೆಯಬಹುದಿತ್ತು.

ರಿಪೆಕಾ ಇರುವುದು ಓಟಾಕೊದಲ್ಲಿ, ನೀರಿನ ಆಚೆ. ಈಚೆ ದಡದಿಂದ ಅವಳ ಊರಿನ ಮನೆಗಳ ದೀಪ ಕಾಣುತ್ತವೆ. ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಒಂದು ಗಂಟೆ. ನಾನು ಆ ಒಂದು ಗಂಟೆಯ ದಾರಿ ಹೋಗಿರಲಿಲ್ಲ. ಗುರುವಾರ ಬೆಳಿಗ್ಗೆ, ಫೋನಿಗೆ ಇಳಿಸಿಕೊಂಡ ಆ ನಾಲ್ಕು ನಿಮಿಷವನ್ನು ಹೊತ್ತು ಹೊರಟಾಗ, ನಿಜ ಹೇಳಬೇಕೆಂದರೆ, ನನಗೆ ಒಳಗೊಳಗೇ ಹೆಮ್ಮೆಯಿತ್ತು. ಅವಳಿಗೆ ಅವಳ ಹೆಸರನ್ನು ವಾಪಸ್ಸು ಕೊಡಲು ಹೋಗುತ್ತಿದ್ದೇನೆ, ಅವಳು ನನ್ನನ್ನು ತಬ್ಬಿಕೊಳ್ಳಬಹುದು ಎಂದೆಲ್ಲ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಬಾಗಿಲು ತೆಗೆದವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಯಾರೋ ಸತ್ತಿರ್ಬೇಕು" ಎಂದಳು. "ಇಲ್ದಿದ್ರೆ ನೀನೆಲ್ಲಿ ಬರ್ತೀಯ."

"ಡೂಗಲ್ ಸತ್ತ."

"ಅದು ಹಳೇ ಸುದ್ದಿ ಕಣೇ. ಪೇಪರ್ ಓದೋದು ನಮಗೂ ಬರತ್ತೆ. ಒಳಗೆ ಬಾ, ಚಳಿ ಒಳಗೆ ನುಗ್ತಾ ಇದೆ."

ಚಹಾ ಮಾಡಿದಳು. ಬ್ರೆಡ್ಡು ಕೊಯ್ದಳು. ಇಬ್ಬರೂ ಮಂಡಿನೋವಿನ ಬಗ್ಗೆ ಸ್ವಲ್ಪ ಮಾತಾಡಿದೆವು. ಕಡೆಗೆ ನಾನು ಏನೂ ವಿವರಿಸದೆ ಫೋನನ್ನು ಮೇಜಿನ ಮೇಲಿಟ್ಟು ಒತ್ತಿದೆ.

ತನ್ನ ದನಿ ಬಂದಾಗ ಅವಳು ಅಲುಗಾಡಲಿಲ್ಲ. ಹಾಡು ಮುಂದುವರಿದಾಗ ತುಟಿ ಸೊಟ್ಟ ಮಾಡಿ, "ಶ್ರುತಿ ನೋಡು, ಎಲ್ಲೋ ಮೇಯೋಕೆ ಹೋಗಿದೆ" ಎಂದಳು. ಆಮೇಲೆ ಆ ಮುದಿ ದನಿ ಬಂತು. ದೋಣಿ ಬರ್ತಿದೆ ಅನ್ಬೇಡ ಮಗಾ.

ರಿಪೆಕಾ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅಜ್ಜಿ" ಎಂದಳು. ಟೇಪು ಮುಗಿದ ಮೇಲೂ ಹಾಗೇ ಹಿಡಿದುಕೊಂಡಿದ್ದಳು.

ಅವತ್ತು ಸ್ಟುಡಿಯೋದ ಮೂಲೆಯಲ್ಲಿ ಹೀಟರಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಆ ಮುದುಕಿಗೆ ನಾನೇ ಚಹಾ ಕೊಟ್ಟಿದ್ದೆ. ನಿನ್ನೆ ಟೇಪಿನಲ್ಲಿ ಅವಳ ದನಿ ಕೇಳಿದಾಗಲೂ ನನಗೆ ಕಂಡದ್ದು ಡೂಗಲನ ಕಳ್ಳತನಕ್ಕೆ ಒಂದು ಸಾಕ್ಷಿ, ಅಷ್ಟೇ. ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತನ್ನು ಆಡಿದೆ. "ಪಟ್ಟಿಯಲ್ಲಿ ನಿನ್ನ ಹೆಸರು ಬರೆದಿದ್ದೀನಿ, ರಿಪೆಕಾ. ಹಾಡು ನಿಂದು ಅಂತ. ನೀನು ಅವತ್ತು ಕೇಳಿದ್ದನ್ನ..."

"ನಾನು ಅವತ್ತು ಏನು ಕೇಳಿದೆ?"

"ಟೇಪು."

"ಹೂಂ. ಟೇಪು ಕೇಳಿದೆ. ಹೆಸರು ಕೇಳಿದ್ನಾ?" ಅವಳ ದನಿ ಏರಲಿಲ್ಲ. "ಆ ವರ್ಷ ಅಜ್ಜಿಗೆ ದ್ವೀಪಕ್ಕೆ ಬರೋ ಶಕ್ತಿ ಇರ್ಲಿಲ್ಲ. ಮನೇಲೇ ಬಿಟ್ಟು ಹೋದ್ವಿ. ನಾವಿನ್ನೂ ಅಲ್ಲಿದ್ದಾಗಲೇ ಹೋಗಿಬಿಟ್ಲು. ಹವಾ ಕೆಟ್ಟು ಸುದ್ದಿ ತರೋ ದೋಣಿ ಹೊರಡ್ಲಿಲ್ಲ, ನಾವು ಬರೋಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅವಳ ದನಿ ಅಂತ ಇದ್ದಿದ್ದು ನಿನ್ನ ಹತ್ರ ಒಂದೇ ಕಡೆ."

"ಡೂಗಲ್ ಹೇಳಿದ್ದು, ನೀನು ಹೆಸರಿಗೋಸ್ಕರ ಜಗಳಕ್ಕೆ ಬರ್ತೀಯ ಅಂತ..."

"ಹಾಡು ಕದ್ದ, ಅದು ನಂಗೆ ಗೊತ್ತಿತ್ತು. ಕದ್ದುಕೊಂಡು ಹಾಳಾಗೋಗ್ಲಿ, ನಾನು ಇನ್ನೊಂದು ಕಟ್ಕೋತೀನಿ ಅಂದ್ಕೊಂಡೆ. ಕಟ್ದೆ ಕೂಡ." ಅವಳು ಫೋನಿನ ಕಡೆ ಬೆರಳು ಮಾಡಿದಳು. "ಎರಡನೇ ಚರಣದಲ್ಲಿ ಏನು ತಪ್ಪಿತ್ತು?"

"ಅಂದ್ರೆ?"

"ಅಜ್ಜಿ ಅವತ್ತು ತಿದ್ದಿದ್ಲು. ದ್ವೀಪಕ್ಕೆ ಹೊರಡೋ ಗಡಿಬಿಡೀಲಿ ನಾನು ಬರ್ಕೊಳ್ಲಿಲ್ಲ. ಟೇಪಲ್ಲಿದೆಯಲ್ಲ ಅಂದ್ಕೊಂಡೆ. ಆ ಡೂಗಲ್ ಎರಡನೇ ಚರಣ ತೆಗೆದು ತಂದೇನೋ ಹಾಕ್ದ, ಹಕ್ಕಿ ದ್ವೀಪದ ಹಾಡಲ್ಲಿ ರೈಲು ಓಡಿಸ್ದ. ಹಾಗಾಗಿ ಅದರಲ್ಲೂ ಇಲ್ಲ. ಅವತ್ತಿಂದ ನಾನು ಮೊದಲನೇ ಚರಣ ಮಾತ್ರ ಹಾಡ್ತೀನಿ, ಮೊಮ್ಮಕ್ಕಳ ಹತ್ರನೂ. ತಪ್ಪು ಅಂತ ಗೊತ್ತಿದ್ದೂ ಹೇಗೆ ಹಾಡ್ಲಿ? ಮುಂದಿಂದು ಹಾಕು."

"ಮುಂದಿಂದು ಇಲ್ಲ."

"ನೀನಿದ್ದೆಯಲ್ಲ ಅಲ್ಲಿ. ನೆನಪು ಮಾಡ್ಕೊ. ಏನಂದ್ಲು?"

ನೆನಪು ಮಾಡಿಕೊಂಡೆ. ಮನಸ್ಸಿನಲ್ಲಿ ಆ ಗೋದಾಮನ್ನೆಲ್ಲ ತಡಕಾಡಿದೆ. ಹೀಟರಿನ ಕೆಂಪು, ಮುದುಕಿಯ ಕೈಯಲ್ಲಿದ್ದ ಲೋಟ, ಡೂಗಲನ ಹಸಿರು ಸ್ವೆಟರಿನ ಹರಿದ ತೋಳು, ಅದಂತೂ ಎಳೆ ಎಳೆಯಾಗಿ ನೆನಪಿತ್ತು. ಮಾತು ಒಂದೂ ಇರಲಿಲ್ಲ. ನಾನು ಮೀಟರಿನ ಮುಳ್ಳು ನೋಡುತ್ತಿದ್ದೆ, ಇಲ್ಲವೇ ಅವನನ್ನು ನೋಡುತ್ತಿದ್ದೆ.

"ಗೊತ್ತಿಲ್ಲ, ರಿಪೆಕಾ" ಎಂದೆ. "ಅವತ್ತು ಮೆಷಿನ್ ಓಡ್ತಿತ್ತು. ಪೂರ್ತಿ ಹಿಡಿದಿದ್ದೆ. ನಾನೇ ಅಳಿಸ್ದೆ."

ಅವಳು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು, ಅದು ಅವಳಿಗೂ ಗೊತ್ತಿದ್ದಿರಬೇಕು. ನನ್ನ ಚಹಾ ಆರಿತು.

"ಆ ಪಟ್ಟಿ ತಂದಿದ್ದೀಯಾ?" ಎಂದಳು ಕೊನೆಗೆ.

ಚೀಲದಿಂದ ತೆಗೆದು ಕೊಟ್ಟೆ. ಕನ್ನಡಕ ಹಾಕಿಕೊಂಡು ಎಂಬತ್ತೇಳನೆಯ ಸಾಲನ್ನು ಓದಿದಳು. ಪೆನ್ನು ತೆಗೆದುಕೊಂಡು, 'ಹಾಡಿದವಳು ರಿಪೆಕಾ' ಎಂಬುದರ ಮುಂದೆ ತಾನೇ ಬರೆದಳು: ತಿದ್ದಿದವಳು ಅವಳ ಅಜ್ಜಿ ಕಾಟರಿನಾ. ಆಮೇಲೆ ಪೆನ್ನನ್ನು ನನ್ನ ಕೈಗೆ ಕೊಟ್ಟಳು.

"ಉಳಿದಿದ್ದು ಏನಾಯ್ತು ಅಂತಲೂ ಬರಿ. ಪಟ್ಟಿ ಅಂದ್ಮೇಲೆ ಪೂರ್ತಿ ಇರ್ಬೇಕು."

ಅವಳು ನಿಂತು ನೋಡುತ್ತಿದ್ದಳು. ನಾನು ಬರೆದೆ: ಉಳಿದ ಇಪ್ಪತ್ತಾರು ನಿಮಿಷ ಇಲ್ಲ. ಅಳಿಸಿದವಳು ಉನಾ ಗಿಲೀಸ್.