ಎಂಬತ್ತಾರು ರುಜು

ಲಿಫ್ಟ್ ಮೆಕ್ಯಾನಿಕ್‌ಗಳ ಸಂಘದಲ್ಲಿ ಕಾರ್ಡು ಸಿಗುವುದು ಸುಲಭದ ಮಾತಾಗಿರಲಿಲ್ಲ. ಅರ್ಜಿ ಹಾಕಿದವರ ಜೊತೆ ಸಂಘದ ಪರೀಕ್ಷಕರು ಮೂರು ದಿನ ಲಿಫ್ಟಿನ ತಲೆಯ ಮೇಲೆ ಕುಳಿತು ಓಡಾಡಬೇಕು, ತಳದ ಗುಂಡಿಗೆ ಇಳಿಯಬೇಕು, ಅವರ ಕೈ ಎಲ್ಲಿ ಹೋಗುತ್ತದೆ, ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡಬೇಕು. ರುಜು ಆಮೇಲೆ. ಆ ಪರೀಕ್ಷಕರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಮನುಷ್ಯ ಶಾಲೆಯ ಮೆಟ್ಟಿಲನ್ನೇ ನೆಟ್ಟಗೆ ಹತ್ತಿದವರಲ್ಲ, ಆದರೆ ಅವರ ಎದುರು ಸ್ಪ್ಯಾನರ್ ಹಿಡಿದರೆ ಎಂಥ ಅನುಭವಸ್ಥನಿಗೂ ಬೆವರು ಕಿತ್ತುಕೊಂಡು ಬರುತ್ತಿತ್ತು.

ಸ್ವಂತ ಮಗಳನ್ನೇ ಎರಡು ಸಲ ಫೇಲು ಮಾಡಿದ ಪುಣ್ಯಾತ್ಮ ಅವರು. ಎರಡು ಸಲವೂ ಕಾರಣ ಒಂದೇ. ಒಬ್ಬರು ಗುಂಡಿಗೆ ಇಳಿದಾಗ ಮೇಲಿನ ಮೆಷಿನ್ ರೂಮಿನಲ್ಲಿ ಇನ್ನೊಬ್ಬರು ಮೇನ್ ಸ್ವಿಚ್ ಆಫ್ ಮಾಡಿ ಕಾಯುತ್ತಾರೆ. ಇಳಿದವರು ಅಷ್ಟೂ ಮಹಡಿ ಹತ್ತಿ ಬಂದು ಬಾಗಿಲಲ್ಲಿ ಮುಖ ತೋರಿಸುವ ತನಕ ಸ್ವಿಚ್ ಮುಟ್ಟಕೂಡದು. ಮಗಳು ಕೆಳಗಿನಿಂದ ಬಂದ ಕೂಗು ಕೇಳಿಯೇ ಸ್ವಿಚ್ ಹಾಕಿದ್ದಳು.

"ಧ್ವನಿ ಕೇಳಿಸ್ತಲ್ಲಪ್ಪ, ಇನ್ನೇನು ಬೇಕು? ಮುಖ ತೋರ್ಸೋಕೆ ಹನ್ನೆರಡು ಮಹಡಿ ಹತ್ತಬೇಕಾ?"

"ಹತ್ತಬೇಕು. ಉಸಿರಿದ್ದೋರು ಹತ್ತುತ್ತಾರೆ."

ಅವಳು ತಿಂಗಳುಗಟ್ಟಲೆ ಮಾತು ಬಿಟ್ಟಳು. ತಾಯಿಯಿಲ್ಲದ ಮನೆಯಲ್ಲಿ ಇಬ್ಬರೂ ಗೋಡೆಗಳ ಹತ್ತಿರ ಮಾತಾಡಿಕೊಂಡು ದಿನ ತಳ್ಳಿದರು. ಮೂರನೇ ಸಲ ಪಾಸಾದಳು, ಮಾತೂ ಬಂತು.

ಸಂಘದ ಅಧ್ಯಕ್ಷರು ಮೇಷ್ಟ್ರ ಹೆಂಡತಿಯ ಅಣ್ಣ. ಕೆಲಸ ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಕುರ್ಚಿ ಬಿಟ್ಟಿರಲಿಲ್ಲ. ಅವರಿಗೆ ಹೊಸದಾಗಿ ಒಂದು ಹುಚ್ಚು ಹತ್ತಿತು. ನಾಲ್ಕು ದೇಶಗಳಲ್ಲಿ ಸಂಘದ ಶಾಖೆ ತೆರೆಯಬೇಕು, ಒಂದೇ ಕಾರ್ಡು ಎಲ್ಲ ಕಡೆ ನಡೆಯಬೇಕು, ಇಲ್ಲಿಯವರು ಅಲ್ಲಿ, ಅಲ್ಲಿಯವರು ಇಲ್ಲಿ ಕೆಲಸ ಮಾಡಬೇಕು. ಆಸೆಯೇನೋ ಕೆಟ್ಟದ್ದಲ್ಲ. ಮೊದಲ ದೇಶಕ್ಕೆ ಮೇಷ್ಟ್ರೇ ನೋಯುವ ಮಂಡಿ ಹೊತ್ತುಕೊಂಡು ಹೋದರು. ಮೂರು ಮೂರು ಜನರನ್ನು ಜೊತೆಗಿಟ್ಟುಕೊಂಡು ಒಂಬತ್ತು ದಿನ ಲಿಫ್ಟುಗಳ ಮೇಲೆ ಕುಳಿತರು, ಒಂಬತ್ತು ಜನರನ್ನು ನೋಡಿದರು, ಮೂವರನ್ನು ಪಾಸು ಮಾಡಿ ವಾಪಸು ಬಂದರು.

ಅಧ್ಯಕ್ಷರು ತಲೆ ಚಚ್ಚಿಕೊಂಡರು. "ಈ ಲೆಕ್ಕದಲ್ಲಿ ನಾಲ್ಕು ದೇಶ ಮುಗಿಸೋಕೆ ನೀವು ಇನ್ನೆರಡು ಜನ್ಮ ಎತ್ತಿ ಬರಬೇಕು ಭಾವ. ವರ್ಷ ಮುಗಿಯೋದ್ರೊಳಗೆ ಇಷ್ಟು ಜನ ಸದಸ್ಯರು ಅಂತ ತೋರಿಸ್ದಿದ್ರೆ ಅಲ್ಲಿನ ಸರ್ಕಾರಗಳು ನಮ್ಮನ್ನ ಒಳಗೇ ಬಿಡಲ್ಲ."

ಹಾಗಾಗಿ ಒಂದು ದಾರಿ ಹುಡುಕಿದರು. ಆಯಾ ದೇಶದ ಶಾಖೆಯವರೇ ಕೆಲಸ ನೋಡಿ ಅರ್ಜಿ ಕಳಿಸುವುದು, ಮೇಷ್ಟ್ರು ಇಲ್ಲಿ ರುಜು ಹಾಕುವುದು. ಅರ್ಜಿಯ ಕೊನೆಯಲ್ಲಿ 'ಇವರೊಂದಿಗೆ ಮೂರು ದಿನ ಖುದ್ದಾಗಿ ಇದ್ದು ನೋಡಿದ್ದೇನೆ' ಎಂಬ ಸಾಲು ಅಚ್ಚಾಗಿತ್ತು. ಅದನ್ನು ಬದಲಿಸಲು ಮಹಾಸಭೆಯ ಒಪ್ಪಿಗೆ ಬೇಕು, ಮಹಾಸಭೆಗೆ ಇನ್ನೂ ಏಳು ತಿಂಗಳಿತ್ತು. ಸಾಲು ಹಾಗೇ ಉಳಿಯಿತು.

ಮೇಷ್ಟ್ರು ಒಲ್ಲೆ ಅಂದರು. ಎರಡನೇ ಸಲ ಕೇಳಿದಾಗ ನೋಡೋಣ ಅಂದರು. ಮೂರನೇ ಸಲಕ್ಕೆ ಅಧ್ಯಕ್ಷರು ಮೇಜಿನ ಮೇಲೆ ಒಂದು ಹಿತ್ತಾಳೆ ಫಲಕ ತಂದಿಟ್ಟರು: ಅಂತಾರಾಷ್ಟ್ರೀಯ ಮುಖ್ಯ ಪರೀಕ್ಷಕರು. ಮೇಷ್ಟ್ರು ಅಂಗಿಯ ತೋಳಿನಿಂದ ಅದನ್ನು ಒರೆಸಿದರು, ಒಳಗೊಳಗೇ ಉಬ್ಬಿದರು. ಊಟದ ಹೊತ್ತಿಗೆ ಕುಳಿತವರು ಸಂಜೆಯೊಳಗೆ ಎಂಬತ್ತಾರು ಅರ್ಜಿಗೆ ರುಜು ಹಾಕಿ ಎದ್ದರು. ಕೈ ನೋಯುತ್ತದೆ ಎಂದು ಮಗಳ ಹತ್ತಿರ ಜಂಬದಿಂದಲೇ ಹೇಳಿಕೊಂಡರು. ಯಾಕೆ ನೋಯುತ್ತದೆ ಎಂದು ಮಾತ್ರ ಹೇಳಲಿಲ್ಲ.

ಮರುವರ್ಷ, ಮೇಷ್ಟ್ರು ಹೋಗಿಬಂದಿದ್ದ ಆ ಮೊದಲ ದೇಶದ ಶಾಖೆಯಿಂದ ಒಬ್ಬ ಮೆಕ್ಯಾನಿಕ್ ಇಲ್ಲಿಗೆ ಕೆಲಸಕ್ಕೆ ಬಂದ. ನಲವತ್ತು ದಾಟಿದವನು, ಬಾಗಿಲಿಗೆಲ್ಲ ತಲೆ ತಗ್ಗಿಸಬೇಕಾದಷ್ಟು ಎತ್ತರ. ಎಲ್ಲರೂ ಉದ್ದಣ್ಣ ಅಂದರು. ಅವನನ್ನು ಮೇಷ್ಟ್ರ ಮಗಳ ಜೋಡಿಗೆ ಹಾಕಿದರು.

"ಅವನ ಕಾರ್ಡಲ್ಲಿ ನಿನ್ನ ರುಜು ನೋಡ್ದೆ ಅಪ್ಪ," ಸಂಜೆ ತಟ್ಟೆ ಇಡುತ್ತಾ ಮಗಳು ಕಾಲೆಳೆದಳು. "ಹೆತ್ತ ಮಗಳಿಗೆ ಮೂರು ಸಲ ಬೇಕಾಯ್ತು, ಅವನಿಗೆ ಒಂದೇ ಏಟಿಗೆ ಹಾಕಿಬಿಟ್ಟಿದ್ದೀಯ. ಭಾರಿ ಕೆಲಸಗಾರನೇ ಇರಬೇಕು."

ಮೇಷ್ಟ್ರಿಗೆ ನಿಜ ಹೇಳಲು ಅದಕ್ಕಿಂತ ಒಳ್ಳೆ ಗಳಿಗೆ ಬರುವಂತಿರಲಿಲ್ಲ. ಆದರೆ ಅವಳು ನಗುತ್ತಿದ್ದಳು, ಆ ನಗುವಿನಲ್ಲಿ ಅಪ್ಪನ ಬಗ್ಗೆ ಹೆಮ್ಮೆಯಿತ್ತು. ಅದನ್ನು ಕಳೆದುಕೊಳ್ಳುವ ಧೈರ್ಯ ಅವರಿಗೆ ಬರಲಿಲ್ಲ.

"ಹೊಸಬ... ಸ್ವಲ್ಪ ನೋಡ್ಕೊಂಡು ಕೆಲಸ ಮಾಡಮ್ಮ," ಅಂದರು.

"ನೀನು ನೋಡಿದ ಮೇಲೆ ನಾನೇನು ನೋಡೋದು ಬಿಡು."

ಭಾನುವಾರ ಇಬ್ಬರಿಗೂ ಬಿಡುವು, ಆಗ ಹೇಳಿದರಾಯಿತು ಅಂದುಕೊಂಡರು. ಅಪಘಾತ ಆದದ್ದು ಗುರುವಾರ ಬೆಳಿಗ್ಗೆ.

ಹಳೆಯ ಕಚೇರಿಯೊಂದರ ಲಿಫ್ಟು. ಗುಂಡಿಯೊಳಗಿನಿಂದಲೇ ಲಿಫ್ಟು ನಿಲ್ಲಿಸುವ ಸ್ವಿಚ್ ಕೆಟ್ಟಿತ್ತು, ಅದನ್ನೇ ಬದಲಿಸಲು ಮಗಳು ಇಳಿದಿದ್ದಳು. ಉದ್ದಣ್ಣ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ ನಿಂತಿದ್ದ. ಇಪ್ಪತ್ತು ನಿಮಿಷದ ಕೆಲಸ ಎಂದು ಅವಳೇ ಹೇಳಿದ್ದಳು. ಅವನ ದೇಶದಲ್ಲಿ ಗಡಿಯಾರ ನೋಡಿ ಸ್ವಿಚ್ ಹಾಕುವ ರೂಢಿ. ಹೇಳಿದ ಹೊತ್ತಿಗೆ ಇಳಿದವರು ಹೊರಗೆ ಬಂದಿರಲೇಬೇಕು, ಅದು ಅವರ ಜವಾಬ್ದಾರಿ. ಅವನು ಇಪ್ಪತ್ತು ನಿಮಿಷಕ್ಕೆ ಇನ್ನೂ ಐದು ಸೇರಿಸಿ ಕಾದ, ಪಾಪ. ಮುಖಕ್ಕಾಗಿ ಕಾಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ತುಕ್ಕು ಹಿಡಿದ ಸ್ಕ್ರೂ ಬಿಚ್ಚಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. ಲಿಫ್ಟು ಇಳಿದಾಗ ಅವಳು ಮೂಲೆಗೆ ಅಂಟಿಕೊಂಡು ಜೀವ ಉಳಿಸಿಕೊಂಡಳು. ಬಲಗೈ ಉಳಿಯಲಿಲ್ಲ, ಡಾಕ್ಟರು ಮೊಣಕೈಯಿಂದ ಕೆಳಗೆ ತೆಗೆದುಹಾಕಿದರು.

ಐದನೇ ದಿನ ವಿಚಾರಣೆಯ ಅಧಿಕಾರಿ ಆಸ್ಪತ್ರೆಗೆ ಬಂದ. ಹಾಸಿಗೆಯ ಒಂದು ಕಡೆ ಮೇಷ್ಟ್ರು, ಅವರ ಪಕ್ಕ ಅಧ್ಯಕ್ಷರು. ಉದ್ದಣ್ಣ ಕಣ್ಣು ಊದಿಸಿಕೊಂಡು ಬಾಗಿಲ ಹೊರಗೆ ಬೆಂಚಿನ ಮೇಲಿದ್ದ. ಮಗಳು ಕ್ಷೀಣ ದನಿಯಲ್ಲಿ, ಆದರೆ ತಡವರಿಸದೆ ಹೇಳಿದಳು:

"ತಪ್ಪು ನಂದೇ ಸಾರ್. ಮೇಲೆ ಹೋಗಿ ಮುಖ ತೋರಿಸಿ, ಅವನಿಗೆ ಹೇಳದೆ ನಾನೇ ಮತ್ತೆ ಇಳಿದಿರಬೇಕು, ನೆನಪಿಲ್ಲ. ಅವನನ್ನ ನಮ್ಮಪ್ಪ ಮೂರು ದಿನ ಜೊತೆಗಿದ್ದು ನೋಡಿ ರುಜು ಹಾಕಿದ್ದಾರೆ. ಮುಖ ನೋಡದೆ ಸ್ವಿಚ್ ಹಾಕೋನನ್ನ ಅವರು ಪಾಸು ಮಾಡೋ ಪೈಕಿನೇ ಅಲ್ಲ. ಈ ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ."

ಅಧಿಕಾರಿ ಬರೆದುಕೊಂಡ. ತಪ್ಪು ಅವಳದೆಂದು ದಾಖಲಾದರೆ ಕೈಯ ಜೊತೆ ಅವಳ ಕಾರ್ಡೂ ಹೋಗುತ್ತಿತ್ತು, ಹೆಸರೂ ಹೋಗುತ್ತಿತ್ತು. ಅಧ್ಯಕ್ಷರು ಮೇಷ್ಟ್ರ ಭುಜ ಅದುಮಿ ಕಿವಿಯ ಹತ್ತಿರ ಬಗ್ಗಿದರು.

"ಬಾಯಿ ಬಿಡಬೇಡಿ ಭಾವ. ನಾಲ್ಕು ದೇಶದ ಮಾತು. ಅವಳಿಗೆ ಸಂಘದಲ್ಲೇ ಕೂತು ಮಾಡೋ ಕೆಲಸ ಕೊಡಿಸ್ತೀನಿ."

ಮೇಷ್ಟ್ರು ಭುಜ ಕೊಡವಿದರು.

"ನಾನು ನೋಡಿಲ್ಲ," ಅಂದರು. "ಅವನು ಇಲ್ಲಿಗೆ ಬರೋ ತನಕ ಅವನ ಮುಖಾನೇ ಕಂಡಿರಲಿಲ್ಲ. ಅರ್ಜಿ ಬಂತು, ರುಜು ಹಾಕ್ದೆ. ಬರ್ಕೊಳ್ಳಿ ಸಾರ್. ತಪ್ಪು ನಂದು."

ಬಾಗಿಲ ಹೊರಗಿಂದ ಉದ್ದಣ್ಣ, ಹೊಸದಾಗಿ ಕಲಿತ ಭಾಷೆಯಲ್ಲಿ ತಡೆದು ತಡೆದು ಹೇಳಿದ: "ನಾನು ಕೇಳಿದ್ದೆ. ಪರೀಕ್ಷೆಗೆ ಯಾವಾಗ ಬರ್ತಾರೆ ಅಂತ. ಎರಡು ಸಲ ಪತ್ರ ಬರೆದಿದ್ದೆ. ಕಾರ್ಡೇ ಬಂತು."

ಅಧ್ಯಕ್ಷರು ಕಿಟಕಿಯ ಕಡೆ ತಿರುಗಿಕೊಂಡರು. ಮಗಳು ಅಪ್ಪನನ್ನು ನೋಡುತ್ತಲೇ ಇದ್ದಳು. ಬೈಯುತ್ತಾಳೆ, ಅಳುತ್ತಾಳೆ, ಮತ್ತೆ ಮಾತು ಬಿಡುತ್ತಾಳೆ ಎಂದು ಮೇಷ್ಟ್ರು ಕಾದರು. ಹಾಗೇನಾದರೂ ಮಾಡಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಹೀಗೆ ಎಷ್ಟು ಜನಕ್ಕೆ ಹಾಕಿದ್ದೀಯಪ್ಪ?"

"ಎಂಬತ್ತಾರು."

ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ, ಕೆಲಸದ ಮಾತಾಡುವ ದನಿಯಲ್ಲೇ ಕೇಳಿದಳು:

"ಮಿಕ್ಕ ಎಂಬತ್ತೈದು ಜನ ಇವತ್ತು ಎಲ್ಲೆಲ್ಲಿದ್ದಾರೆ? ಅವರ ಗುಂಡಿಯೊಳಗೆ ಯಾರಿದ್ದಾರೆ?"

ಮೇಷ್ಟ್ರು ಒಂದು ಹೆಸರನ್ನಾದರೂ ನೆನಪು ಮಾಡಿಕೊಳ್ಳಲು ನೋಡಿದರು. ಅವರು ಹೆಸರುಗಳನ್ನೂ ಓದಿರಲಿಲ್ಲ.