ಹುಕ್ಕೇರಿಯಲ್ಲಿ ಹಾಡಿದ ರಾಣಿ

ಗುರುಲಿಂಗಪ್ಪನಿಗೆ ಹಾಡಿನ ಹುಚ್ಚು. ಹುಚ್ಚು ಅಂದರೆ ಸಣ್ಣಪುಟ್ಟದ್ದಲ್ಲ. ಗೋಕಾಕದ ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟುಕೊಂಡ ಮನುಷ್ಯ, ಗಿರಾಕಿ ಎದುರಿಗೆ ನಿಂತಿದ್ದರೂ ಗ್ರಾಮೋಫೋನಿನ ತಟ್ಟೆ ಮುಗಿಯುವ ತನಕ ತಕ್ಕಡಿ ಮುಟ್ಟುತ್ತಿರಲಿಲ್ಲ. ಯಾರಾದರೂ ಅವಸರ ಮಾಡಿದರೆ, "ಬೆಲ್ಲ ಎಲ್ಲಿ ಓಡಿ ಹೋಗತೈತ್ರಿ? ತಡೀರಿ ಸ್ವಲ್ಪ" ಎನ್ನುತ್ತಿದ್ದ. ಅಂಗಡಿಯ ಹಿಂದೆಯೇ ಮನೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಚನ್ನವ್ವ ಇದನ್ನು ಕೇಳಿ, ಹಿಟ್ಟಿನ ಕೈಯಲ್ಲೇ ಹಣೆ ಬಡಿದುಕೊಳ್ಳುತ್ತಿದ್ದಳು. ಆದರೂ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ.

ಪೆಟ್ಟಿಗೆಗಟ್ಟಲೆ ತಟ್ಟೆ ಕೂಡಿಹಾಕಿದವನಿಗೆ ಎಲ್ಲಕ್ಕಿಂತ ಪ್ರೀತಿಯ ಹಾಡು ಯಾವ ತಟ್ಟೆಯಲ್ಲೂ ಇರಲಿಲ್ಲ ನೋಡಿ! ಮದುವೆಯಾದ ಹೊಸತರಲ್ಲಿ ಅವನು ಹೆಂಡತಿಯ ತವರಾದ ಹುಕ್ಕೇರಿಗೆ ಹೋದಾಗ ಅಲ್ಲೊಂದು ನಾಟಕ ಕಂಪನಿ ಬಿಡಾರ ಹೂಡಿತ್ತು. ಹೆಣ್ಣು ಪಾತ್ರಕ್ಕೆ ಆ ಕಂಪನಿಯಲ್ಲಿ ಇಬ್ಬರು ಗಾಯಕರು, ಶಿದ್ರಾಮ ಮತ್ತು ತಾಜುದ್ದೀನ. ಒಂದು ರಾತ್ರಿ ಇವನು ರಾಣಿಯಾದರೆ ಮರುರಾತ್ರಿ ಅವನು. ಹೋದ ಹೋದ ಊರಲ್ಲೆಲ್ಲ ಜನ ಎರಡು ಪಾರ್ಟಿಯಾಗಿ, ನಮ್ಮವನೇ ಹೆಚ್ಚು ಎಂದು ಚಹಾದ ಅಂಗಡಿಗಳಲ್ಲಿ ತೋಳೇರಿಸುತ್ತಿದ್ದರು. ಆ ನಟರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲವೆಂದು ಸುದ್ದಿಯಿತ್ತು. ಗುರುಲಿಂಗಪ್ಪ ಶಿದ್ರಾಮನ ಪಾರ್ಟಿ. ಅವನು ಹೋದ ರಾತ್ರಿ ಶಿದ್ರಾಮನದೇ ರಾಣಿ ಪಾತ್ರ. ಕಾಡುಪಾಲಾದ ರಾಣಿ ತಲೆಯ ಮೇಲೆ ಸೆರಗೆಳೆದುಕೊಂಡು, ಬೆಳಗಿನ ಜಾವಕ್ಕೆ ಜೋಗಿಯಾ ರಾಗದಲ್ಲಿ ಅತ್ತುಕೊಂಡು ಹಾಡಿದಳು. ಮಂಡಪವೆಲ್ಲ ಬಿಕ್ಕಿತು.

"ಅವತ್ತ ಅವನ ದನೀನ ಬ್ಯಾರೆ ಇತ್ರಿ! ಮುಂದ ಎಂದೂ ಅಂವ ಹಂಗ ಹಾಡಲಿಲ್ಲ. ದೇವರು ಬಂದು ಅವನ ಗಂಟಲದಾಗ ಕುಂತಿದ್ದ" ಎಂದು ಗುರುಲಿಂಗಪ್ಪ ಇಪ್ಪತ್ತು ವರ್ಷದಿಂದ ಕಂಡಕಂಡವರಿಗೆ ಹೇಳುತ್ತ ಬಂದಿದ್ದ.

ದೇವರೂ ಇಲ್ಲ, ದಿಂಡರೂ ಇಲ್ಲ. ದನಿ ಬೇರೆಯಾಗಿತ್ತು, ಯಾಕೆಂದರೆ ಅದು ಬೇರೆಯವನ ದನಿಯೇ ಆಗಿತ್ತು. ಇದು ಗೊತ್ತಿದ್ದವಳು ಚನ್ನವ್ವ ಒಬ್ಬಳೇ. ಹೆಂಗಸರನ್ನು ರಂಗದ ಮಗ್ಗುಲಿಗೆ, ತಟ್ಟಿಯ ಮರೆಯಲ್ಲಿ ಕೂಡಿಸಿದ್ದರು. ಅಲ್ಲಿಂದ ರಾಣಿಯ ಬೆನ್ನಷ್ಟೇ ಕಾಣುತ್ತಿತ್ತು. ಪರದೆಯ ಹಿಂದಿನದು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಉಳಿದ ಹೆಂಗಸರು ಕೆಲವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು, ಕೆಲವರು ತೂಕಡಿಸುತ್ತಿದ್ದರು. ತುದಿಯಲ್ಲಿ ಕುಳಿತ ಚನ್ನವ್ವನ ಕಣ್ಣಿಗೆ ಬಿದ್ದವನು ತಾಜುದ್ದೀನ. ಅಂದು ಶಿದ್ರಾಮನ ಗಂಟಲು ಕಟ್ಟಿಹೋಗಿತ್ತು. ಅವನು ಸೆರಗಿನ ಒಳಗೆ ಬರೀ ತುಟಿ ಆಡಿಸಿದ, ಪರದೆಯ ಹಿಂದೆ ನಿಂತು ತಾಜುದ್ದೀನ ಹಾಡಿದ. ಗಂಡ ಮನಸಾರೆ ಹಿಗ್ಗುವುದನ್ನು ನೋಡಿ, ಈ ಮಾತು ಆಡಿ ನಾನೇನು ಗಂಟು ಕಟ್ಟಿಕೊಳ್ಳುವುದಿದೆ ಎಂದು ಚನ್ನವ್ವ ಬಾಯಿ ಬಿಟ್ಟಿರಲಿಲ್ಲ.

ಮೂವತ್ತಾರನೆಯ ಇಸವಿಯ ಚಳಿಗಾಲದಲ್ಲಿ ಮಗಳು ಅಕ್ಕವ್ವನನ್ನು ನೋಡಲು ಮೂಡಲಗಿಯಿಂದ ಬೀಗರಾಗುವವರು ಬಂದರು. ಹುಡುಗ ಅಣ್ಣಪ್ಪ ಗಿರಣಿಯಲ್ಲಿ ಕಾರಕೂನ. ಅವನು ಮುಂಚೆ ಒಂದು ದಿನ ಬೆಲ್ಲಕ್ಕೆಂದು ಅಂಗಡಿಗೆ ಬಂದಿದ್ದಾಗ ಕೀಲಿ ಸಡಿಲಿ ಗ್ರಾಮೋಫೋನು ಅರ್ಧಕ್ಕೇ ನಿಂತಿತ್ತು. ಒಳಗೆ ಅಕ್ಕಿ ಆರಿಸುತ್ತ ಅದರ ಜೊತೆಗೇ ಹಾಡಿಕೊಳ್ಳುತ್ತಿದ್ದ ಅಕ್ಕವ್ವನಿಗೆ ಅದು ನಿಂತದ್ದರ ಎಚ್ಚರವಿರಲಿಲ್ಲ. ಹಾಡನ್ನು ಕೊನೆಯ ತನಕ ಹಾಡಿಯೇ ಬಿಟ್ಟಳು. ಆ ಹುಡುಗ ಅಲುಗಾಡದೆ ನಿಂತು ಕೇಳಿದ್ದನ್ನು ಆಮೇಲೆ ಕಿಟಕಿಯಿಂದ ನೋಡಿ ನಾಚಿಕೊಂಡಳು. ಹದಿನೈದು ದಿನದಲ್ಲಿ ಅವರ ಮನೆಯಿಂದಲೇ ಕೇಳಿಕೊಂಡು ಬಂದಿದ್ದರು. ಅವರು ನೋಡಲು ಬರುವ ಹಿಂದಿನ ಸಂಜೆ ಅಕ್ಕವ್ವ ತಾಯಿಯ ಮಗ್ಗುಲಲ್ಲಿ ಕುಳಿತು, "ಅವ್ವಾ, ಈ ಸಂಬಂಧ ತಪ್ಪಸಬ್ಯಾಡ್ರಿ. ನನ್ನ ಮನಸಿಗೆ ಬಂದೈತಿ" ಎಂದಿದ್ದಳು. ಬಾಯಿ ಬಿಟ್ಟು ಏನನ್ನೂ ಬೇಡದ ಹುಡುಗಿ ಅದು.

ನೋಡುವುದೆಲ್ಲ ಸುಸೂತ್ರವಾಗಿ ಮುಗಿಯಿತು. ಹುಡುಗನ ತಾಯಿ ಭರಮವ್ವ ಅಕ್ಕವ್ವನ ಗದ್ದ ಹಿಡಿದು ಮುದ್ದು ಮಾಡಿದಳು. ಹುಡುಗನ ತಂದೆ ಸೋಮಪ್ಪ ಎರಡು ಸಲ ಶಿರಾ ಹಾಕಿಸಿಕೊಂಡ. ಇನ್ನೇನು ಎಲೆ ಅಡಿಕೆ ಹಿಡಿದು ಮಾತು ಮುಗಿಸಬೇಕು, ಗುರುಲಿಂಗಪ್ಪನಿಗೆ ಗ್ರಾಮೋಫೋನು ತೋರಿಸುವ ಉಮೇದು ಬಂತು. ಶಿದ್ರಾಮನ ತಟ್ಟೆ ಹಾಕಿದ.

"ಭಾಳ ಚಲೋ ಐತ್ರಿ" ಎಂದ ಸೋಮಪ್ಪ. "ಆದ್ರ ಎದುರಿಗೆ ಕುಂತು ಕೇಳಿದಂಗ ಆಗತೈತೇನ್ರಿ? ನಾವು ಹುಕ್ಕೇರ್ಯಾಗ ಕೇಳಿದವರು."

"ಹುಕ್ಕೇರಿ! ನೀವೂ ಅಲ್ಲಿದ್ರೇನ್ರಿ?"

"ಯಾವ ಆಟನೂ ಬಿಟ್ಟಿಲ್ಲರಿ."

ಗುರುಲಿಂಗಪ್ಪ ಎದ್ದು ಹೋಗಿ ಅವನ ಕೈ ಹಿಡಿದುಕೊಂಡ. ಇಬ್ಬರ ಮುಖವೂ ಅರಳಿತು. ಚಿಮಣಿಯ ಹೊಗೆ, ಪರದೆಯ ಮೇಲಿನ ನವಿಲು, ಪೇಟಿ ಬಾರಿಸುವ ಕುಂಟ ಮಾಸ್ತರ, ಒಬ್ಬೊಬ್ಬನೂ ಒಂದೊಂದು ನೆನಪು ತೆಗೆದ. ಬಾಗಿಲ ಮರೆಯಲ್ಲಿ ನಿಂತ ಚನ್ನವ್ವ, ಸಂಬಂಧ ಗಟ್ಟಿಯಾಯಿತು ಅಂದುಕೊಂಡಳು.

"ಹಂಗಾದ್ರ ರಾಣಿಯ ಜೋಗಿಯಾ ಕೇಳಿರಬೇಕು! ಶಿದ್ರಾಮ ಆ ರಾತ್ರಿ..."

ಸೋಮಪ್ಪ ಮೂಗು ಮುರಿದ. "ಅದನ್ನ ಹಾಡು ಅಂತೀರೇನ್ರಿ? ನಾವು ತಾಜುದ್ದೀನನ ಕಡಿಯವರು. ಶಿದ್ರಾಮ ಅವತ್ತ ಕಾಗಿ ಒದರಿದಂಗ ಒದರಿದ. ನಮ್ಮ ಮಂದಿ ಎಲ್ಲಾ ಕಿವ್ಯಾಗ ಬಟ್ಟ ಇಟಗೊಂಡ ಕುಂತಿದ್ವಿ."

ಮುಗಿಯಿತು! ಗುರುಲಿಂಗಪ್ಪನ ಮುಖ ಕೆಂಪಾಯಿತು. "ಕಾಗಿ? ಯಾರಿಗ್ರಿ ಕಾಗಿ ಅಂತೀರಿ? ನಿಮ್ಮ ತಾಜುದ್ದೀನ ಏಳ ಜನ್ಮ ಹುಟ್ಟಿ ಬಂದ್ರೂ ಅವತ್ತಿನ ಒಂದ ತಾನ ಹೊರಡಸಂಗಿಲ್ಲ."

"ಇಂಥಾ ಕಿವಿ ಇಟಗೊಂಡು ಮ್ಯಾಲ ಗ್ರಾಮೋಫೋನು ಬ್ಯಾರೆ!"

"ನಮ್ಮ ಮನ್ಯಾಗ ಕುಂತು ನಮಗ ಅಂತೀರಿ?"

"ಹಂಗಾದ್ರ ಏಳತೇವಿ ಬಿಡ್ರಿ." ಸೋಮಪ್ಪ ರುಮಾಲು ತೆಗೆದುಕೊಂಡ. "ಏ, ಏಳ. ಕಿವಿ ಇಲ್ಲದವರ ಕೂಡ ಬೀಗತನ ಬ್ಯಾಡ ನಮಗ."

"ಅಪ್ಪಾ, ಕುಂದರ್ರಿ, ಏನಿದು" ಎಂದು ಅಣ್ಣಪ್ಪ ತಡವರಿಸಿದ. ಯಾರೂ ಅವನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಮೀಸೆ ಬಿಳಿಯಾದ ಇಬ್ಬರು ಗಂಡಸರು, ಕಂಪನಿಯೂ ಮುಳುಗಿ ನಟರೂ ತೀರಿಕೊಂಡು ಎಷ್ಟೋ ಕಾಲವಾದ ಮೇಲೆ, ಮಕ್ಕಳ ಬಾಳಿನ ಮೇಲೆ ಕಲ್ಲು ಹಾಕಲು ನಿಂತಿದ್ದರು. ಇವರಿಗೆ ಏನೆನ್ನಬೇಕು ಹೇಳಿ!

ಚನ್ನವ್ವ ತಿರುಗಿ ನೋಡಿದಳು. ಅಡುಗೆಮನೆಯಲ್ಲಿ ಅಕ್ಕವ್ವ ಗೋಡೆಗೆ ಮುಖ ಮಾಡಿ ನಿಂತಿದ್ದಳು, ಹೆಗಲು ಅಲುಗುತ್ತಿತ್ತು. ಒಂದು ಮಾತು ಆಡಿದರೆ ಜಗಳದ ಬುಡವೇ ಕಿತ್ತುಹೋಗುತ್ತದೆ. ಆದರೆ ಅದೇ ಮಾತು ಗಂಡನ ಇಪ್ಪತ್ತು ವರ್ಷದ ಹಿಗ್ಗನ್ನೂ ಕಿತ್ತು ಒಯ್ಯುತ್ತದೆ. ಪರರ ಎದುರಿಗೆ ಮಾನ ಕಳೆದವಳೆಂದು ಮಾತು ಬಿಟ್ಟರೂ ಬಿಟ್ಟಾನು. ಚನ್ನವ್ವನಿಗೆ ನಿಜಕ್ಕೂ ಹೆದರಿಕೆಯಾಯಿತು. ಸೋಮಪ್ಪ ಹೊಸ್ತಿಲಿಗೆ ಕಾಲಿಟ್ಟ. ಇವಳು ಸೆರಗು ಸರಿಮಾಡಿಕೊಂಡು ಪಡಸಾಲೆಗೆ ಬಂದೇ ಬಿಟ್ಟಳು.

"ಅಣ್ಣಾರ, ನಿಂದರ್ರಿ. ಅವತ್ತ ಶಿದ್ರಾಮ ಹಾಡೇ ಇಲ್ಲ."

ಸೋಮಪ್ಪ ಗಕ್ಕನೆ ತಿರುಗಿದ. "ನಾ ಹೇಳಲಿಲ್ಲೇನು? ನೋಡ್ರಿ, ನಿಮ್ಮ ಮನಿಯವರ ಹೇಳಾಕತ್ತಾರ!"

"ಹಾಡಿದಂವ ತಾಜುದ್ದೀನ. ಪರದೆ ಹಿಂದ ನಿಂತು ಹಾಡಿದ. ನಾ ಹೆಂಗಸರ ತಟ್ಟಿ ಒಳಗ ಕುಂತು ಕಣ್ಣಾರೆ ನೋಡೇನಿ. ನೀವು ಈಗ ಕಾಗಿ ಅಂದ್ರೆಲ್ಲಾ, ಅದು ನಿಮ್ಮ ತಾಜುದ್ದೀನನ ದನಿರಿ."

ಕಿಸಕ್ಕೆಂದು ಮೊದಲು ನಕ್ಕವಳು ಭರಮವ್ವ. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. "ಅಯ್ಯ ಶಿವನ! ಇಪ್ಪತ್ತ ವರ್ಷ ತಮ್ಮ ದೇವರಿಗೇ ಬೈದಾರ!"

ಗುರುಲಿಂಗಪ್ಪ ನಗಲಿಲ್ಲ. ಹೆಂಡತಿಯನ್ನೇ ನೋಡುತ್ತ ನಿಂತ. "ಖರೇನು?"

"ಖರೆರಿ. ಅವನ ಗಂಟಲ ಕಟ್ಟಿತ್ತು. ತಾಜುದ್ದೀನ ಪರದೆ ಸಂದ್ಯಾಗಿಂದ ಅವನ ಹೆಗಲ ಮ್ಯಾಲ ಕಣ್ಣಿಟ್ಟು ನಿಂತಿದ್ದ. ಅಂವ ಹೆಗಲ ಎತ್ತಿದಾಗ ಇಂವ ಉಸಿರು ತಗೋತಿದ್ದ. ಹಾಡು ಮುಗದ ಮ್ಯಾಲ ಶಿದ್ರಾಮ ಒಳಗ ಬಂದು ಅವನ ಎರಡೂ ಕೈ ತನ್ನ ಕಣ್ಣಿಗೆ ಒತ್ತಿಕೊಂಡ."

"ಇಷ್ಟ ದಿನ ನಾ ಹುಚ್ಚನಂಗ ಊರ ತುಂಬ ಹೇಳಕೋತ ತಿರಗಿದ್ನಿ. ನೀ ಕೇಳಕೋತ ಇದ್ದಿ. ಯಾಕ ಹೇಳಲಿಲ್ಲ?"

ಚನ್ನವ್ವನ ಕಣ್ಣು ತುಂಬಿತು. ಪರರಿದ್ದಾರೆ ಎಂಬುದೂ ಅವಳಿಗೆ ಮರೆತುಹೋಯಿತು. "ಮದವ್ಯಾಗಿ ಎಷ್ಟೋ ದಿನ ನೀವು ನನ್ನ ಕೂಡ ನೆಟ್ಟಗ ಮಾತ ಆಡಿರಲಿಲ್ಲ. ನೀರು ಕೊಡು, ಬಾಗಲ ಹಾಕು, ಇಷ್ಟ. ಆ ಹಾಡು ಕೇಳಿದ ಮುಂಜಾನೆ ಬಂಡಿ ಹತ್ತಿದವರು ಗೋಕಾಕ ಮುಟ್ಟೂತನಕ ಬಾಯಿ ಮುಚ್ಚಲಿಲ್ಲ. ನನ್ನ ಮಾರಿ ನೋಡಿ ಮಾತಾಡಿದ್ರಿ. ಅವತ್ತಿಂದ ನಾನು ಈ ಮನ್ಯಾಗ ಬಾಳೇ ಮಾಡಿದ್ನಿ. ಅದನ್ನ ಹೆಂಗ ಕೆಡಸಲಿ ಹೇಳ್ರಿ?"

ಗುರುಲಿಂಗಪ್ಪ ಹೋಗಿ ಮಂಚದ ತುದಿಗೆ ಕುಳಿತ. ಆಮೇಲೆ ಮೆಲ್ಲಗೆ, "ದನಿ ಯಾರದಾದ್ರೇನು, ಕೇಳಿದಂವ ನಾನ ಹೌದಲ್ಲೋ" ಎಂದ. ಅದನ್ನು ಯಾರಿಗೆ ಹೇಳಿದನೋ ಅವನಿಗೇ ಗೊತ್ತಿರಲಿಲ್ಲ. ಹೆಂಡತಿಯ ಕಡೆ ನೋಡಿ ತಲೆ ಅಲ್ಲಾಡಿಸಿದ, ಆ ನೋಟದಲ್ಲಿ ಸಿಟ್ಟಿರಲಿಲ್ಲ. ಚನ್ನವ್ವನ ಎದೆಯ ಭಾರ ಇಳಿಯಿತು.

ಬಾಗಿಲಲ್ಲಿ ನಿಂತ ಸೋಮಪ್ಪನದು ಬೇರೆಯೇ ಪಾಡು. "ನೀವು ಪುಣ್ಯವಂತರ್ರಿ, ಕೇಳಿದ್ರಿ" ಎಂದ. "ಅವನ ಹಾಡಿಗಂತ ನಾ ಹೊಲ ಮನಿ ಬಿಟ್ಟು ಊರೂರು ತಿರಗಿದಂವ. ಅಂವ ಹುಟ್ಟಿ ಬಂದಿದ್ದಕ್ಕೂ ಸಾರ್ಥಕ ಅನ್ನೂವಂಗ ಹಾಡಿದಾಗ, ನಾ ಕಿವ್ಯಾಗ ಬಟ್ಟ ಇಟಗೊಂಡ ಕುಂತಿದ್ನಿ. ಈಗ ಅಂವನೂ ಇಲ್ಲ. ಆ ಹಾಡು ತಟ್ಟ್ಯಾಗೂ ಇಲ್ಲ."

ಆ ಮಾತಿಗೆ ಭರಮವ್ವನ ನಗುವೂ ನಿಂತಿತು. ಚನ್ನವ್ವನಿಗೆ ಅಯ್ಯೋ ಅನ್ನಿಸಿತು. "ಇಲ್ಲ ಅಂತ ಯಾರಂದ್ರು, ಅಣ್ಣಾರ? ನೋಡಿದ್ದು ನನ್ನ ಹಂತ್ಯಾಕ ಐತಿ, ಕೇಳಿದ್ದು ಇವರ ಹಂತ್ಯಾಕ ಐತಿ" ಎಂದು ಗಂಡನ ಕಡೆ ಕೈ ಮಾಡಿದಳು. "ಇವರು ಒಂದ ಸ್ವರಾನೂ ಮರತಿಲ್ಲ. ಹಾಡ್ರಿ, ಅವರಿಗಂತ ಹಾಡ್ರಿ."

"ಏ, ನನ್ನ ದನಿ ಎಲ್ಲಿ, ಅವನ ದನಿ ಎಲ್ಲಿ..."

"ಹಾಡ್ರಿ ಅಂತೇನಿ!"

ಗುರುಲಿಂಗಪ್ಪ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ದನಿ ಒಡಕಲು, ಮೇಲಿನ ಸ್ವರಕ್ಕೆ ಏರುವಾಗ ದಮ್ಮು ಹಾರುತ್ತಿತ್ತು. ಆದರೆ ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತ. "ಇಲ್ಲಿ ತಾಜುದ್ದೀನ ಕಣ್ಣ ಮುಚ್ಚಿದ್ದ" ಎಂದು ಚನ್ನವ್ವ ನಡುವೆ ಹೇಳುತ್ತಿದ್ದಳು, "ಇಲ್ಲಿ ಒಂದು ಕೈ ಪರದೆ ಹಿಡಕೊಂಡಿದ್ದ." ಸೋಮಪ್ಪ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲೇ ಕುಕ್ಕರಿಸಿದ. ಕಣ್ಣೀರು ಮೀಸೆಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಣ್ಣಪ್ಪ ತನ್ನ ತಂದೆ ಅಳುವುದನ್ನು ಅದೇ ಮೊದಲು ನೋಡಿದ.

ಹಾಡು ಮುಗಿಯಿತು. ಗುರುಲಿಂಗಪ್ಪ ದಮ್ಮು ಬಿಡುತ್ತ, ಏನಂದಾರೋ ಎಂದು ಅಂಜಿಕೊಂಡು ನೋಡಿದ. ಸೋಮಪ್ಪ ಎದ್ದವನೇ ಒಳಗೆ ಬಂದು, ಅವನ ಮಗ್ಗುಲಿಗೆ ಮಂಚದ ಮೇಲೆ ಕುಳಿತು, ಮಂಡಪದಲ್ಲಿ ಕೂಗುವ ಹಾಗೆ ಕೈ ಎತ್ತಿ ಕೂಗಿದ: "ವನ್ಸ್ ಮೋರ್!"

ಚನ್ನವ್ವ ಕಣ್ಣೊರೆಸಿಕೊಂಡು ನಗುತ್ತ ಅಡುಗೆಮನೆಯ ಕಡೆ ಕತ್ತು ಹಾಕಿದಳು. "ಅಕ್ಕವ್ವಾ, ಮಾರಿ ತೊಳಕೊಂಡು ಇನ್ನೊಮ್ಮಿ ಚಹಾ ಇಡವಾ. ನಿಮ್ಮ ಮಾವ ಇವತ್ತ ಏಳಂಗ ಕಾಣಂಗಿಲ್ಲ."